ಚಂದ್ರ ಚಿಕ್ಕದಾಗಿ ಬಂದರೆ ಫೋಟೋ ಕೆಟ್ಟ ಹಾಗಾ? ಕಾಫಿ ಕಣದ ಹುಣ್ಣಿಮೆ ಚಿತ್ರ ಹಾಕಿದ್ದೇನೆ, ನೋಡಿ ಹೇಳಿ

ಕಾಫಿಕಣ | ಆಲ್ದೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಕಡೆ ಒಂದು ಸಣ್ಣ ತೋಟ. ಹೋದ ವಾರ, ಹೊಸ್ತಿಲ ಹುಣ್ಣಿಮೆ ದಿನ, ಕಣದ ಅಂಚಿನಲ್ಲಿ ನಿಂತು ಈ ಫೋಟೋ ತೆಗೆದೆ. ಕೆಳಗೆ ಕಾಫಿ ಒಣಗಿಸುವ ಕಣ. ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ ಕಾಫಿ. ಅದರ ಹಿಂದೆ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ), ಒಂದು ಕಿಟಕಿಯಲ್ಲಿ ಹಳದಿ ದೀಪ. ಮೇಲೆ ಎರಡು ಸಿಲ್ವರ್ ಓಕ್ ಮರ. ಅವುಗಳ ನಡುವೆ ಚಂದ್ರ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 50 ಎಂಎಂ ಲೆನ್ಸ್.

ಚಂದ್ರ ಬಹಳ ಚಿಕ್ಕದು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹೆಚ್ಚುಕಡಿಮೆ 115 ಪಿಕ್ಸೆಲ್. ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರದ್ದೂ ಒಂದೇ ಮಾತು, "ಝೂಮ್ ಮಾಡಬೇಕಿತ್ತು." ನಮ್ಮ ಭಾವ ಚಂದ್ರ ಒಂದನ್ನೇ ಕ್ರಾಪ್ ಮಾಡಿ ವಾಪಸ್ ಕಳಿಸಿದರು. ಅದರಲ್ಲಿ ಕಣ ಇಲ್ಲ, ದೀಪ ಇಲ್ಲ, ಮರ ಇಲ್ಲ. ಒಂದು ಬಿಳಿ ಬಿಲ್ಲೆ ಉಳಿದಿದೆ.

ಆ ಸಂಜೆ ನಾನು ಕಂಡಿದ್ದು ಬರೀ ಚಂದ್ರನನ್ನಲ್ಲ. ಕೆಲಸ ಮುಗಿದಿತ್ತು. ಲೈನ್ ಕಡೆಯಿಂದ ಒಲೆ ಹೊಗೆ ಬರುತ್ತಿತ್ತು. ಕಣದಲ್ಲಿ ಯಾರೂ ಇರಲಿಲ್ಲ. ಆಗ ಮರದ ಸಂದಿಯಲ್ಲಿ ಚಂದ್ರ ಬಂತು. ಅಷ್ಟೂ ಸೇರಿದ್ದಕ್ಕೇ ಕ್ಯಾಮೆರಾ ತರೋಣ ಅನ್ನಿಸಿದ್ದು.

ಎರಡು ಪ್ರಶ್ನೆ. ಚಂದ್ರ ಇಷ್ಟು ಚಿಕ್ಕದಾಗಿರುವುದು ನಿಜವಾಗಿ ತಪ್ಪಾ? ಇನ್ನೊಂದು, ಚಂದ್ರನ ಮೇಲಿನ ಕಲೆ ಒಂದೂ ಬಂದಿಲ್ಲ, ಪೂರ್ತಿ ಬಿಳಿ ಆಗಿದೆ. ಚಂದ್ರನೂ ಕಾಣಬೇಕು, ಕಣವೂ ಕಾಣಬೇಕು ಅಂದರೆ ಏನು ಮಾಡಬೇಕು?

ದೊಡ್ಡಲೆನ್ಸ್ | ಹಾಸನ

ಕಾಫಿಕಣ ಸರ್, ಜಾಗ ಚೆನ್ನಾಗಿದೆ. ಆದರೆ ನಿಮ್ಮ ಭಾವನ ಮಾತನ್ನೇ ನಾನೂ ಹೇಳುತ್ತೇನೆ. ಚಂದ್ರನ ಫೋಟೋ ಅಂದ ಮೇಲೆ ಚಂದ್ರ ಕಾಣಬೇಕು ಅಲ್ವಾ?

ಲೆಕ್ಕ ಸುಲಭ. ಲೆನ್ಸಿನ ಫೋಕಲ್ ಲೆಂಗ್ತನ್ನು, ಅಂದರೆ ಅದರ ಮೇಲೆ ಬರೆದಿರುವ ಎಂಎಂ ಸಂಖ್ಯೆಯನ್ನು, 110ರಿಂದ ಭಾಗಿಸಿ. ಅದೇ ಸೆನ್ಸರ್ ಮೇಲೆ ಬೀಳುವ ಚಂದ್ರನ ಅಗಲ. 50 ಎಂಎಂಗೆ ಅರ್ಧ ಮಿಲಿಮೀಟರೂ ಇಲ್ಲ. 200ಕ್ಕೆ 1.8 ಮಿ.ಮೀ. ನನ್ನ 150-600 ಲೆನ್ಸನ್ನು ಪೂರ್ತಿ ಎಳೆದರೆ ಸುಮಾರು ಐದೂವರೆ ಮಿ.ಮೀ. ಆಗ ಚಂದ್ರನ ಕುಳಿ, ಕಲೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ.

ಬಿಳಿ ಬಿಲ್ಲೆ ಆಗಿದ್ದು ಎಕ್ಸ್‌ಪೋಷರ್, ಅಂದರೆ ಸೆನ್ಸರ್ ಮೇಲೆ ಬೀಳುವ ಬೆಳಕು, ಜಾಸ್ತಿ ಆಗಿ. ಹುಣ್ಣಿಮೆ ಚಂದ್ರ ಮೇಲೆ ಬಂದಾಗ ಲೆನ್ಸಿನ ಬಾಯಿ ಎಫ್ 11 ಇಡಿ, ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 100 ಇದ್ದರೆ ಶಟರ್ 1/100 ಸೆಕೆಂಡ್, ಐಎಸ್ಒ 200 ಇದ್ದರೆ 1/200. ರಾತ್ರಿ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಚಂದ್ರನ ಮೇಲೆ ಬೀಳುತ್ತಿರುವುದು ಹಾಡುಹಗಲ ಬಿಸಿಲು. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಸುತ್ತಲಿನ ಕತ್ತಲೆ ನೋಡಿ ಮೋಸ ಹೋಗುತ್ತದೆ. ಮ್ಯಾನ್ಯುಯಲ್‌ಗೆ ಬನ್ನಿ.

ಬೇಲೂರುಬೀದಿ | ಬೇಲೂರು

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದರಲ್ಲಿ ನಾಲ್ಕೈದು ವರ್ಷ ಒದ್ದಾಡಿದ್ದೇನೆ.

ದೊಡ್ಡಲೆನ್ಸ್ ಅವರು ಹೇಳಿದ ಎಕ್ಸ್‌ಪೋಷರ್ ಚಂದ್ರನಿಗೆ ಸರಿ. ಅದೇ ಸೆಟ್ಟಿಂಗಿನಲ್ಲಿ ಕಣ ಕಾಡಿಗೆ ಕಪ್ಪಾಗುತ್ತದೆ. ಕಣಕ್ಕೆ ಸರಿ ಮಾಡಿದರೆ ಚಂದ್ರ ಬಿಳಿ ಬಿಲ್ಲೆ. ಎರಡರ ನಡುವಿನ ಅಂತರ ಯಾವ ಸೆನ್ಸರ್ರೂ ತಡೆಯದಷ್ಟು ದೊಡ್ಡದು. ಹಾಗಾಗಿ ಸೆಟ್ಟಿಂಗ್ ಬದಲಿಸುವುದಕ್ಕಿಂತ ದಿನ ಬದಲಿಸಬೇಕು.

ಹುಣ್ಣಿಮೆ ದಿನ ಸೂರ್ಯ ಮುಳುಗುವುದೂ ಚಂದ್ರ ಹುಟ್ಟುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅದು ಬಯಲಲ್ಲಿ. ನಿಮ್ಮಲ್ಲಿ ಚಂದ್ರ ಮೊದಲು ಗುಡ್ಡ ದಾಟಬೇಕು, ಆಮೇಲೆ ಲೈನ್ ಮನೆ, ಆಮೇಲೆ ಮರ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದು ನೋಡಿ. ಒಂದು ಮುಷ್ಟಿ ಅಗಲ ಸುಮಾರು 10 ಡಿಗ್ರಿ. ನಮ್ಮ ಕಡೆ ಚಂದ್ರ ಹೆಚ್ಚುಕಡಿಮೆ ನೆಟ್ಟಗೆ ಏರುತ್ತದೆ, ಒಂದು ಮುಷ್ಟಿ ಏರಲು 40 ನಿಮಿಷ ಬೇಕು. ನಿಮ್ಮ ಚಿತ್ರದಲ್ಲಿ ಚಂದ್ರ ಒಂದೂವರೆ ಮುಷ್ಟಿ ಮೇಲಿದೆ ಅನ್ನಿಸುತ್ತದೆ. ಅಂದರೆ ಹುಟ್ಟಿ ಒಂದು ಗಂಟೆ ಆಗಿದೆ. ಅಷ್ಟರಲ್ಲಿ ಆಕಾಶ ಪೂರ್ತಿ ಕಪ್ಪು. ನಮ್ಮ ಊರುಗಳಲ್ಲಿ ಸಂಜೆಗತ್ತಲು ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿ 20-25 ನಿಮಿಷಕ್ಕೆ ನೆಲದ ಬೆಳಕು ಹೋಗಿಬಿಡುತ್ತದೆ.

ಅದಕ್ಕೇ ಹುಣ್ಣಿಮೆಯ ಹಿಂದಿನ ದಿನ, ಚತುರ್ದಶಿಯಂದು ಹೋಗಿ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತದೆ. ಹಿಂದಿನ ದಿನ ಅಂದರೆ ಅಷ್ಟು ಮುಂಚೆ ಹುಟ್ಟಿರುತ್ತದೆ. ಸೂರ್ಯ ಮುಳುಗುವಾಗಲೇ ಚಂದ್ರ ಮರದ ಮಟ್ಟಕ್ಕೆ ಬಂದಿರುತ್ತದೆ, ನೆಲದಲ್ಲಿ ಇನ್ನೂ ಬೆಳಕಿರುತ್ತದೆ, ಆಕಾಶ ನೀಲಿ ಇರುತ್ತದೆ. ನೋಡುವವರಿಗೆ ಅದು ಹುಣ್ಣಿಮೆ ಚಂದ್ರನೇ, ಅಂಚಿನಲ್ಲಿ ಕೂದಲೆಳೆಯಷ್ಟು ಕಡಿಮೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಸಿಗುತ್ತದೆ, ಅಷ್ಟೇ. ಟ್ರೈಪಾಡ್ ಮೊದಲೇ ಹಾಕಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಚಂದ್ರ ಎಲ್ಲಿ ಹುಟ್ಟುತ್ತದೆ ಅನ್ನುವುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಚಳಿಗಾಲದ ಹುಣ್ಣಿಮೆ ಚಂದ್ರ ಪೂರ್ವಕ್ಕಿಂತ ಈಶಾನ್ಯದ ಕಡೆಗೆ ವಾಲಿ ಹುಟ್ಟುತ್ತದೆ. ಬೇಸಿಗೆಯಲ್ಲಿ ಆಗ್ನೇಯದ ಕಡೆಗೆ. ಸೂರ್ಯನಿಗೆ ಪೂರ್ತಿ ಉಲ್ಟಾ. ನಮ್ಮ ಚನ್ನಕೇಶವ ದೇವಸ್ಥಾನದ ಗೋಪುರ ಅಂಗಳದ ಪೂರ್ವಕ್ಕಿದೆ. ನಾನು ಮಾರ್ಚ್ ತಿಂಗಳಲ್ಲಿ ಒಂದು ಜಾಗ ಗುರುತು ಮಾಡಿಕೊಂಡು ಡಿಸೆಂಬರಲ್ಲಿ ಅಲ್ಲೇ ಹೋಗಿ ನಿಂತೆ. ಚಂದ್ರ ಗೋಪುರದ ಹತ್ತಿರಕ್ಕೂ ಬರಲಿಲ್ಲ, ಎಡಕ್ಕೆ ಎಲ್ಲೋ ಮನೆಗಳ ಮೇಲೆ ಬಂತು. ದಿಕ್ಕು ತೋರಿಸುವ ಆ್ಯಪ್‌ಗಳಿವೆ, ನೋಡಿಕೊಂಡು ಹೋಗಿ. ಹಳೆಯ ದೇವಸ್ಥಾನಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಾಗುತ್ತದೆ, ಅದನ್ನೂ ಮೊದಲೇ ಕೇಳಿ.

ಹಳೇರೀಲು | ಹಾಸನ

ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಈಗ ಮುಚ್ಚಿದ್ದೇನೆ. ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳಲೇಬೇಕು.

ರೀಲಿನ ಕಾಲ. ಹಾಸನದ ಹೊರಗೆ ಒಂದು ಕೆರೆ ಏರಿ ಮೇಲೆ ನಿಂತು ಕಪ್ಪುಬಿಳುಪಿನಲ್ಲಿ ಒಂದು ಚಿತ್ರ ತೆಗೆದೆ. ಕೆಳಗೆ ಉದ್ದಕ್ಕೆ ಏರಿ. ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿರುವ ಒಬ್ಬ ಹುಡುಗ. ಮೇಲೆ ಮುಕ್ಕಾಲು ಭಾಗ ಖಾಲಿ ಆಕಾಶ, ಅದರಲ್ಲಿ ಎಡಕ್ಕೆ ಚಂದ್ರ. ದೊಡ್ಡ ಪ್ರಿಂಟ್ ಬೇಕು ಅಂತ ಬೇರೆ ಊರಿನ ಒಂದು ಲ್ಯಾಬಿಗೆ ನೆಗೆಟಿವ್ ಕಳಿಸಿದೆ. ಪ್ರಿಂಟ್ ಬಂತು. ಚಂದ್ರ ಇರಲಿಲ್ಲ.

ನೆಗೆಟಿವ್ ಮೇಲೆ ಧೂಳು ಕೂತರೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬರುತ್ತದೆ. ಅದನ್ನು ಸಣ್ಣ ಬ್ರಷ್ಷಿನಲ್ಲಿ ಬಣ್ಣ ಮುಟ್ಟಿಸಿ ಮುಚ್ಚುವುದು ಲ್ಯಾಬಿನವರ ಕೆಲಸ. ಅವರು ಚಂದ್ರನನ್ನೂ ಧೂಳು ಅಂದುಕೊಂಡು ನೀಟಾಗಿ ಮುಚ್ಚಿದ್ದರು. ಹತ್ತಿರ ಹಿಡಿದು ನೋಡಿದರೆ ಆ ಜಾಗದಲ್ಲಿ ಬೂದು ಬಣ್ಣ ಸ್ವಲ್ಪ ಒರಟಾಗಿತ್ತು, ಅಷ್ಟೇ ಗುರುತು.

ಆ ಪ್ರಿಂಟನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಅದೇ ಕೆರೆ, ಅದೇ ಏರಿ, ಅದೇ ಹುಡುಗ. ಆದರೆ ಚಿತ್ರ ಕುಸಿದುಹೋಗಿತ್ತು. ಮೇಲಿನ ಆಕಾಶ ಸುಮ್ನೆ ವೇಸ್ಟ್ ಜಾಗ ಆಗಿತ್ತು. ಹುಡುಗ ಯಾಕೆ ಅಷ್ಟು ಕೆಳಗಿದ್ದಾನೆ ಅಂತ ಗೊತ್ತಾಗುತ್ತಿರಲಿಲ್ಲ. ಒಂದು ಸಾಸಿವೆ ಕಾಳಿನಷ್ಟು ಚಂದ್ರ ಅಷ್ಟೂ ಆಕಾಶವನ್ನು ಹೊತ್ತುಕೊಂಡು ನಿಂತಿತ್ತು.

ಅವತ್ತಿನಿಂದ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಚಿತ್ರದಲ್ಲಿ ಚಂದ್ರನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ. ಚಿತ್ರ ಕುಸಿದರೆ ಚಂದ್ರ ತನ್ನ ಕೆಲಸ ಮಾಡುತ್ತಿದೆ, ಎಷ್ಟು ಚಿಕ್ಕದಾದರೂ ಸರಿ. ಮುಚ್ಚಿದರೂ ಏನೂ ಆಗದಿದ್ದರೆ ಚಂದ್ರ ಅಲ್ಲಿ ಬೇಕಾಗಿರಲಿಲ್ಲ. ಕಾಫಿಕಣ ಅವರೇ, ನಿಮ್ಮ ಚಿತ್ರಕ್ಕೆ ಈಗ ಹೆಬ್ಬೆರಳು ಇಟ್ಟು ನೋಡಿದೆ. ಕಿಟಕಿಯ ದೀಪ ಒಂಟಿಯಾಗಿಬಿಟ್ಟಿತು. ಬೆರಳು ತೆಗೆದೆ, ದೀಪಕ್ಕೆ ಜೊತೆ ಸಿಕ್ಕಿತು. ಕೆಳಗೊಂದು ಹಳದಿ, ಮೇಲೊಂದು ಬಿಳಿ. ಇದು ಎರಡು ದೀಪದ ಚಿತ್ರ. ದಯವಿಟ್ಟು ಕ್ರಾಪ್ ಮಾಡಬೇಡಿ.

ಆದರೆ ಒಂದು ದೋಷ ಇದೆ. ಚಂದ್ರ ಎರಡು ಮರದ ಮಧ್ಯೆ ಸಿಕ್ಕಿಹಾಕಿಕೊಂಡಿದೆ. ಬಲಗಡೆ ಮರದ ಎಲೆ ಅಂಚಿಗೆ ತಾಗುತ್ತಿದೆ. ತಾಗಬಾರದು. ಒಂದೋ ಪೂರ್ತಿ ಎಲೆಯ ಹಿಂದೆ ಇರಲಿ, ಇಲ್ಲವೇ ಪೂರ್ತಿ ಬಯಲಲ್ಲಿ ಇರಲಿ. ಚಂದ್ರನನ್ನು ಸರಿಸಲು ಆಗುವುದಿಲ್ಲ, ಮರವನ್ನು ಸರಿಸಬಹುದು. ನೀವು ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಮರ ಸರಿಯುತ್ತದೆ, ಚಂದ್ರ ನಿಮ್ಮ ಜೊತೆಗೇ ಬರುತ್ತದೆ. ಮಕ್ಕಳಾಗಿದ್ದಾಗ ಬಸ್ಸಿನಲ್ಲಿ ನೋಡಿದ್ದೇವಲ್ಲ, ಅದೇ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರಂದು ನ್ಯೂ ಮೆಕ್ಸಿಕೊದ ಹೆರ್ನಾಂಡಿಸ್ ಅನ್ನುವ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರ ನೋಡಿ. ಅರ್ಧಕ್ಕಿಂತ ಜಾಸ್ತಿ ಕಪ್ಪು ಆಕಾಶ. ಚಂದ್ರ ಬಟಾಣಿ ಕಾಳಿನಷ್ಟು. ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳು ಸಂಜೆ ಬೆಳಕಲ್ಲಿ ಹೊಳೆಯುತ್ತಿವೆ. ಗಾಡಿ ನಿಲ್ಲಿಸಿ ಇಳಿದಾಗ ಅವರಿಗೆ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅನ್ನುವ ಲೆಕ್ಕ ತಲೆಯಲ್ಲಿತ್ತು, ಅದರಿಂದಲೇ ಎಕ್ಸ್‌ಪೋಷರ್ ಕಟ್ಟಿದರು. ಒಂದೇ ಒಂದು ನೆಗೆಟಿವ್‌ಗೆ ಸಮಯ ಸಿಕ್ಕಿತು, ಅಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಅದಕ್ಕೆ ಯಾರಾದರೂ "ಝೂಮ್ ಮಾಡಬೇಕಿತ್ತು" ಅನ್ನುತ್ತಾರಾ?

ಕಾಫಿಕಣ

ಸರ್, ಈಗ ನಾನೂ ಹೆಬ್ಬೆರಳು ಇಟ್ಟು ನೋಡಿದೆ. ನೀವು ಹೇಳಿದ್ದು ಹಾಗೇ ಆಯಿತು. ಎಲೆ ತಾಗಿದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಿಮ್ಮ ಆ ನೆಗೆಟಿವ್ ಇನ್ನೂ ಇದೆಯಾ?

ಹಳೇರೀಲು

ಇದೆ. ಆಮೇಲೆ ನಾನೇ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡಿದೆ. ಮನೆ ಹಜಾರದಲ್ಲಿ ನೇತುಹಾಕಿದ್ದೇನೆ.

ಎರಡನೇವರ್ಷ | ಹಾಸನ

ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನ್ ಮಾತ್ರ. ಹಾಸ್ಟೆಲ್ ತಾರಸಿಯಿಂದ ತೆಗೆದರೆ ಚಂದ್ರ ಬೀದಿ ದೀಪದ ಹಾಗೆ ಬರುತ್ತದೆ. ಝೂಮ್ ಮಾಡಿದರೆ ಕಲೆ ಎಲ್ಲ ಸ್ಪಷ್ಟವಾಗಿ ಬರುತ್ತದೆ, ಆದರೆ ಅದು ನಿಜವಾದ ಫೋಟೋ ಅಲ್ಲ ಅಂತ ಸ್ನೇಹಿತೆ ಹೇಳಿದಳು. ಫೋನಲ್ಲಿ ಆಗುವುದೇ ಇಲ್ವಾ?

ಬೇಲೂರುಬೀದಿ

ಆಗುತ್ತದಮ್ಮಾ. ಫೋನಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುತ್ತದೆ. 4000 ಪಿಕ್ಸೆಲ್ ಚಿತ್ರದಲ್ಲಿ ಚಂದ್ರ 30 ಪಿಕ್ಸೆಲ್ ಕೂಡ ಇರುವುದಿಲ್ಲ. ಅದನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿದರೆ ಬರಬೇಕಾದ ವಿವರ ಅಲ್ಲಿ ಇರುವುದೇ ಇಲ್ಲ. ಕೆಲವು ಫೋನುಗಳು ಚಂದ್ರ ಅಂತ ಗುರುತು ಹಿಡಿದು ತಾವೇ ಕಲೆ ತುಂಬುತ್ತವೆ. ಹಾಗಾಗಿ ದೊಡ್ಡ ಚಂದ್ರನ ಆಸೆ ಬಿಡಿ. ಈ ಚರ್ಚೆ ಶುರುವಾಗಿದ್ದೇ ಚಿಕ್ಕ ಚಂದ್ರನಿಂದ, ಅದು ಫೋನಿಗೆ ಹೇಳಿ ಮಾಡಿಸಿದ ಹಾಗಿದೆ.

ನೈಟ್ ಮೋಡ್ ಆಫ್ ಮಾಡಿ. ಪರದೆ ಮೇಲೆ ಚಂದ್ರನನ್ನು ಒತ್ತಿ ಹಿಡಿಯಿರಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಬಿಳಿ ಬಿಲ್ಲೆ ದುಂಡಗೆ, ಅಂಚು ಸ್ಪಷ್ಟವಾಗಿ ಬರುವ ತನಕ ಎಳೆಯಿರಿ. ಸಂಜೆ ಆರೂಕಾಲು ಆರೂವರೆಗೆ ತೆಗೆಯಿರಿ, ರಾತ್ರಿ ಊಟ ಆದ ಮೇಲೆ ಅಲ್ಲ. ತಾರಸಿ ಮೇಲೆ ಬಟ್ಟೆ ಒಣಹಾಕುವ ತಂತಿ ಇರುತ್ತದೆ, ನೀರಿನ ಟ್ಯಾಂಕ್ ಇರುತ್ತದೆ. ಅದನ್ನೇ ಕಪ್ಪು ಆಕಾರ ಮಾಡಿಕೊಳ್ಳಿ, ಚಂದ್ರನಿಗೆ ಪಕ್ಕದಲ್ಲಿ ಖಾಲಿ ಜಾಗ ಬಿಡಿ.

ದೊಡ್ಡಲೆನ್ಸ್

ಹಳೇರೀಲು ಸರ್ ಬರೆದಿದ್ದನ್ನು ಎರಡು ಸಲ ಓದಿದೆ. ಒಪ್ಪುತ್ತೇನೆ, ಎಲ್ಲ ಚಿತ್ರದಲ್ಲೂ ಚಂದ್ರ ದೊಡ್ಡದಾಗಿರಬೇಕಿಲ್ಲ. ಆದರೂ ನನ್ನದೊಂದು ಆಸೆ ಇದೆ. ಶ್ರವಣಬೆಳಗೊಳದ ಗೊಮ್ಮಟನ ಹಿಂದೆ ಹುಣ್ಣಿಮೆ ಚಂದ್ರ ಬರಬೇಕು. ಮೂರ್ತಿ 57 ಅಡಿ. ಅದೇ 110ರ ಲೆಕ್ಕ ಇಲ್ಲೂ ನಡೆಯುತ್ತದೆ, ಎತ್ತರದ 110 ಪಟ್ಟು ದೂರ ಹೋದರೆ ಮೂರ್ತಿಯೂ ಚಂದ್ರನೂ ಒಂದೇ ಅಳತೆ. ಅಂದರೆ ಸುಮಾರು 1.9 ಕಿಲೋಮೀಟರ್ ದೂರ. ಚಿಕ್ಕಬೆಟ್ಟದ ಮೇಲಿಂದ ಪ್ರಯತ್ನ ಮಾಡಬಹುದಾ? ಯಾರಾದರೂ ಆ ಕಡೆಯವರು ಇದ್ದೀರಾ?

ಕಲ್ಯಾಣಿಮೆಟ್ಟಿಲು | ಚನ್ನರಾಯಪಟ್ಟಣ

ಚಿಕ್ಕಬೆಟ್ಟದಿಂದ ಆಗುವುದಿಲ್ಲ. ಚಿಕ್ಕಬೆಟ್ಟ ಉತ್ತರಕ್ಕಿದೆ, ದೊಡ್ಡಬೆಟ್ಟ ದಕ್ಷಿಣಕ್ಕಿದೆ, ನಡುವೆ ಊರು, ಕಲ್ಯಾಣಿ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ನೀವು ಚಿಕ್ಕಬೆಟ್ಟದಿಂದ ನೋಡುವುದು ದಕ್ಷಿಣಕ್ಕೆ. ಚಂದ್ರ ದಕ್ಷಿಣಕ್ಕೆ ಬರುವ ಹೊತ್ತಿಗೆ ತಲೆ ಮೇಲೆ ಎತ್ತರದಲ್ಲಿರುತ್ತದೆ. ಬೆಟ್ಟದ ಮಟ್ಟಕ್ಕೆ ಯಾವತ್ತೂ ಇಳಿಯುವುದಿಲ್ಲ.

ನೀವು ದೊಡ್ಡಬೆಟ್ಟದ ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ನೋಡಬೇಕು. ಆಗ ಮೂರ್ತಿ ಪಕ್ಕದಿಂದ ಕಾಣುತ್ತದೆ, ಮುಖ ನಿಮ್ಮ ಎಡಕ್ಕೆ. ಸುತ್ತ ಪ್ರಾಕಾರದ ಗೋಡೆ ಇರುವುದರಿಂದ ದೂರದಿಂದ ಸಿಗುವುದು ಮೇಲಿನ ಭಾಗ ಮಾತ್ರ. ಹಾಗಾಗಿ ನಿಮ್ಮ 1.9 ಕಿಲೋಮೀಟರ್ ಲೆಕ್ಕವೂ ಬದಲಾಗುತ್ತದೆ, ಕಾಣುವಷ್ಟು ಭಾಗದ ಎತ್ತರ ಹಿಡಿದು ಲೆಕ್ಕ ಹಾಕಿ. ಮೊದಲು ಹಗಲು ಹೊತ್ತು ಒಂದು ಸಲ ಬಂದು ಹೊಲದ ಬದುಗಳಲ್ಲಿ ಓಡಾಡಿ ನೋಡಿ. ಕಾಣುವ ಜಾಗ, ತೆಂಗಿನ ತೋಟ ಅಡ್ಡ ಬರುವ ಜಾಗ ಎಲ್ಲ ಗೊತ್ತಾಗುತ್ತದೆ.

ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. 981ರಿಂದ ಅಲ್ಲಿ ನಿಂತಿರುವ ಮೂರ್ತಿ ಅದು. ಅದರ ತಲೆಯ ಹಿಂದೆ ಚಂದ್ರನನ್ನು ತಟ್ಟೆಯ ಹಾಗೆ ಕೂರಿಸುವುದಕ್ಕಿಂತ, ಬೆಟ್ಟದ ಬರೀ ಬಂಡೆ, ಮೇಲೆ ಅವನ ಭುಜದ ಗೆರೆ, ಇನ್ನೂ ಮೇಲೆ ಒಂದು ಕಡೆ ಚಂದ್ರ, ಹಾಗೆ ತೆಗೆದರೆ ಆ ಮೌನ ಚಿತ್ರಕ್ಕೂ ಬರುತ್ತದೆ. 200 ಎಂಎಂ ಸಾಕು.

ದೊಡ್ಡಲೆನ್ಸ್

ದಿಕ್ಕಿನ ಬಗ್ಗೆ ಹೇಳಿ ದೊಡ್ಡ ಉಪಕಾರ ಮಾಡಿದಿರಿ. ಎರಡೂ ಲೆನ್ಸ್ ತರುತ್ತೇನೆ.

ಗದ್ದೆಬದು | ಆಲೂರು

ಎಲ್ಲರಿಗೂ ಒಂದು ಮಾತು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಸಂಜೆ ಮೇಲೆ ತೋಟದ ರಸ್ತೆಗೆ ಒಬ್ಬರೇ ಇಳಿಯಬೇಡಿ. ಆನೆ ಎಲ್ಲಿದೆ ಅಂತ ಊರವರನ್ನು ಕೇಳಿ, ಅರಣ್ಯ ಇಲಾಖೆಯ ಸಂದೇಶ ನೋಡಿ, ಆಮೇಲೆ ಹೊರಡಿ. ಕ್ಯಾಮೆರಾ ಕಣ್ಣಿಗೆ ಇಟ್ಟುಕೊಂಡವನಿಗೆ ಹಿಂದೆ ಏನಾಗುತ್ತಿದೆ ಗೊತ್ತಾಗುವುದಿಲ್ಲ. ಬೆಳ್ದಿಂಗಳಲ್ಲೂ ಕಾಫಿ ಗಿಡದ ನಡುವೆ ನಿಂತ ಆನೆ ಹತ್ತು ಮಾರು ದೂರದಿಂದ ಕಾಣುವುದಿಲ್ಲ. ಇದನ್ನು ನೋಡಿ ಹೇಳುತ್ತಿದ್ದೇನೆ. ಮನೆ ಅಂಗಳ, ಕಣ, ತಾರಸಿ, ಅಲ್ಲಿಂದಲೇ ತೆಗೆಯಿರಿ. ಕಾಫಿಕಣ ಅವರು ಮಾಡಿದ್ದು ಸರಿ.

ಕಾಫಿಕಣ

ನಿಜ ಅಣ್ಣಾ. ನಮ್ಮಲ್ಲೂ ಆರು ಗಂಟೆ ಮೇಲೆ ತೋಟದೊಳಗೆ ಯಾರೂ ಹೋಗುವುದಿಲ್ಲ.

ಹಿನ್ನೀರು | ಹಾಸನ

ನಾನು ಒಂದು ಚಿತ್ರ ಹಾಕುತ್ತಿದ್ದೇನೆ. ಶೆಟ್ಟಿಹಳ್ಳಿಯ ಮುಳುಗುವ ಚರ್ಚ್, ಮೇಲೆ ಬಿದಿಗೆ ಚಂದ್ರ. ಚರ್ಚ್ ಒಂದು ದಿನ ತೆಗೆದಿದ್ದು. ಚಂದ್ರ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು, ಫೋಟೋಶಾಪಿನಲ್ಲಿ ಸೇರಿಸಿದೆ. ಮುಚ್ಚಿಡುತ್ತಿಲ್ಲ, ಹೇಳಿಯೇ ಹಾಕುತ್ತಿದ್ದೇನೆ. ಹೇಗಿದೆ?

ಬೇಲೂರುಬೀದಿ

ಹೇಳಿ ಹಾಕಿದ್ದು ಒಳ್ಳೆಯದಾಯಿತು. ಆದರೆ ಚಿತ್ರ ನೋಡಿದ ಕೂಡಲೇ ಏನೋ ಸರಿ ಇಲ್ಲ ಅನ್ನಿಸಿತು. ಯಾಕೆ ಅಂತ ಯೋಚನೆ ಮಾಡಿದೆ. ನಿಮ್ಮ ಬಿದಿಗೆ ಚಂದ್ರ ನೆಟ್ಟಗೆ ನಿಂತಿದೆ, ಆವರಣ ಚಿಹ್ನೆಯ ಹಾಗೆ. ಅದು ಉತ್ತರದ ದೂರದ ದೇಶದಿಂದ ತೆಗೆದಿದ್ದಿರಬೇಕು. ನಮ್ಮಲ್ಲಿ, 13 ಡಿಗ್ರಿ ಅಕ್ಷಾಂಶದಲ್ಲಿ, ಸಂಜೆಯ ಬಿದಿಗೆ ಚಂದ್ರ ಹೆಚ್ಚಾಗಿ ದೋಣಿಯ ಹಾಗೆ ಮಲಗಿರುತ್ತದೆ. ಬೆಳಗಿದ ಕಡೆ ಯಾವಾಗಲೂ ಸೂರ್ಯನ ಕಡೆಗೆ, ಸೂರ್ಯ ನಮ್ಮಲ್ಲಿ ನೇರ ಕೆಳಗೆ ಇಳಿಯುತ್ತಾನೆ. ಶಿವನ ಜಟೆಯಲ್ಲಿ ಬರೆಯುವುದೂ ಮಲಗಿದ ಚಂದ್ರನನ್ನೇ ಅಲ್ವಾ? ಹುಟ್ಟಿದಾಗಿನಿಂದ ಅದನ್ನೇ ನೋಡಿದ ಕಣ್ಣು ನಮ್ಮದು, ನಿಂತ ಚಂದ್ರನನ್ನು ಒಪ್ಪುವುದಿಲ್ಲ.

ಮತ್ತೆ, ಚಂದ್ರನ ಕಪ್ಪು ಭಾಗದೊಳಗೆ ಒಂದು ನಕ್ಷತ್ರ ಕಾಣುತ್ತಿದೆ. ಅಲ್ಲಿರುವುದು ಚಂದ್ರನ ಕತ್ತಲೆ ಮೈ. ಅದರ ಮುಂದೆ ನಕ್ಷತ್ರ ಬರಲು ಸಾಧ್ಯವಿಲ್ಲ.

ಹಿನ್ನೀರು

ಅಬ್ಬಾ, ದೋಣಿ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿಜವಾದದ್ದನ್ನೇ ತೆಗೆಯುತ್ತೇನೆ. ಏನು ಮಾಡಬೇಕು?

ಹಳೇರೀಲು

ಅಮಾವಾಸ್ಯೆ ಆಗಿ ಎರಡನೇ ಮೂರನೇ ದಿನ ಸಂಜೆ ಹೋಗಿ. ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲೆ ಪಶ್ಚಿಮಕ್ಕೆ ನೋಡಿ. ತೆಳು ಚಂದ್ರ ಹುಣ್ಣಿಮೆ ಚಂದ್ರನಷ್ಟು ಪ್ರಖರ ಅಲ್ಲ, ಹಾಗಾಗಿ ನೆಲಕ್ಕೂ ಅದಕ್ಕೂ ಜಗಳ ಕಡಿಮೆ. ಎರಡು ಸೆಕೆಂಡಿನಷ್ಟು ಎಕ್ಸ್‌ಪೋಷರ್ ಕೊಟ್ಟರೆ ಉಳಿದ ಕಪ್ಪು ಭಾಗವೂ ಮಸುಕಾಗಿ ಕಾಣಿಸುತ್ತದೆ. ಅದು ನಮ್ಮ ಭೂಮಿಯಿಂದ ಹೋಗಿ ವಾಪಸ್ ಬಂದ ಬೆಳಕು. ಅಗಲ ಲೆನ್ಸೇ ಹಾಕಿ. ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತದೆ. ಉದ್ದ ಲೆನ್ಸಿನಲ್ಲಿ ಅರ್ಧ ಸೆಕೆಂಡ್ ದಾಟಿದರೂ ಅಂಚು ಮಸುಕಾಗುತ್ತದೆ.

ಚರ್ಚ್ ಇರುವುದು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ, ನೀರು ಇಳಿದಿರುವ ತಿಂಗಳು ನೋಡಿಕೊಳ್ಳಿ. ನೀರು ಚರ್ಚಿನ ಪಾದದ ಮಟ್ಟದಲ್ಲಿ ನಿಂತಿದ್ದರೆ ಚಂದ್ರ ಎರಡು ಸಿಗುತ್ತದೆ, ಮೇಲೊಂದು ಕೆಳಗೊಂದು. ಗೋಡೆ ಒಂದಷ್ಟು ಕುಸಿದಿದೆ, ಒಳಗೆ ಹೋಗಿ ನಿಲ್ಲಬೇಡಿ. ಹೊರಗಿಂದಲೇ ಚೆನ್ನ.

ಹೂಮಳೆ | ಮೂಡಿಗೆರೆ

ತಡವಾಗಿ ಸೇರುತ್ತಿದ್ದೇನೆ. ಚಂದ್ರ ಚಿಕ್ಕದಿರಲಿ ಅನ್ನುವ ಮಾತಿನಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಂದ್ರನೇ ಇಲ್ಲದ ಚಂದ್ರನ ಚಿತ್ರ ತೆಗೆಯಬಹುದು ಅಂತ ಹೇಳಲು ಬಂದೆ.

ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಮೂರು ನಾಲ್ಕು ದಿನ ಮಾತ್ರ. ಆ ದಿನಗಳು ಹುಣ್ಣಿಮೆ ಹತ್ತಿರ ಬರುವುದು ಎಲ್ಲ ವರ್ಷವೂ ಇಲ್ಲ. ಒಂದು ವರ್ಷ ಬಂತು. ಮನೆ ಮೆಟ್ಟಿಲ ಮೇಲೆ ಕೂತರೆ ಮುಂದಿನ ಇಳಿಜಾರು ಪೂರ್ತಿ ಬೆಳ್ಳಗೆ. ಮಲ್ಲಿಗೆಯಂಥ ವಾಸನೆ ಮನೆಯೊಳಗೂ ತುಂಬಿತ್ತು. ಅಮ್ಮ ಲೈಟ್ ಆರಿಸಿಬಿಡು ಅಂದರು. ಆರಿಸಿದ ಮೇಲೆ ಇನ್ನೂ ಜಾಸ್ತಿ ಕಂಡಿತು.

ಚಂದ್ರ ನನ್ನ ಹಿಂದೆ, ಮನೆ ಮೇಲೆ ಇತ್ತು. ಐಎಸ್ಒ 1600, ಎಫ್ 2.8, 4 ಸೆಕೆಂಡ್. ಪರದೆ ಮೇಲೆ ನೋಡಿದರೆ ಹಗಲಿನ ಹಾಗೆ ಬಂದಿದೆ. ಎಲೆ ಹಸಿರು, ಆಕಾಶ ನೀಲಿ. ಬೆಳ್ದಿಂಗಳು ಅಂದರೆ ಬಿಸಿಲೇ ತಾನೇ, ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ ಆದದ್ದು. ನಮ್ಮ ಕಣ್ಣು ಅಷ್ಟು ಕಡಿಮೆ ಬೆಳಕಲ್ಲಿ ಬಣ್ಣ ನೋಡುವುದಿಲ್ಲ, ಕ್ಯಾಮೆರಾ ನೋಡುತ್ತದೆ. ಅದಕ್ಕೆ 4 ಸೆಕೆಂಡನ್ನು 1 ಸೆಕೆಂಡಿಗೆ ಇಳಿಸಿದೆ. ಆಗ ಹೂ ಮಾತ್ರ ಉಳಿಯಿತು, ಎಲೆ ಕತ್ತಲೆಗೆ ಹೋಯಿತು, ರಾತ್ರಿ ರಾತ್ರಿಯ ಹಾಗೇ ಕಂಡಿತು. ಗಾಳಿಗೆ ಒಂದೆರಡು ರೆಂಬೆ ಅಲ್ಲಾಡಿ ಮಸುಕಾಗಿವೆ, ಅದನ್ನು ಹಾಗೇ ಬಿಟ್ಟಿದ್ದೇನೆ.

ಎರಡನೇವರ್ಷ

ಅಕ್ಕಾ, ಆ ಫೋಟೋ ಇಲ್ಲಿ ಹಾಕಿ ಪ್ಲೀಸ್.

ಹೂಮಳೆ

ಹಾಕಿದ್ದೇನೆ ನೋಡು, ಮೇಲೆ ಸೇರಿಸಿದೆ.

ಕಡೂರುರಸ್ತೆ | ಚಿಕ್ಕಮಗಳೂರು

ಮುಳ್ಳಯ್ಯನಗಿರಿ ಹಿಂದೆ ಚಂದ್ರ ಮುಳುಗುವುದನ್ನು ತೆಗೆಯಬೇಕು ಅನ್ನುವವರಿಗೆ ಒಂದು ಸೂಚನೆ. ಪೇಟೆಯಿಂದ ಆಗುವುದಿಲ್ಲ. ಪೇಟೆಯಿಂದ ಗಿರಿ ವಾಯವ್ಯಕ್ಕಿದೆ, ಚಂದ್ರ ಅಷ್ಟು ಉತ್ತರಕ್ಕೆ ಹೋಗಿ ಮುಳುಗುವುದಿಲ್ಲ. ಕಡೂರು ರಸ್ತೆಯಲ್ಲಿ ಮುಂದೆ ಹೋಗಿ, ಗಿರಿ ನಿಮಗೆ ಪಶ್ಚಿಮಕ್ಕೆ ಬರುವ ತನಕ. ಹುಣ್ಣಿಮೆ ಮಾರನೇ ದಿನ ಬೆಳಗಿನ ಜಾವ ನಿಲ್ಲಿ. ಹಿಂದಿನಿಂದ ಸೂರ್ಯನ ಬೆಳಕು ಬರಲು ಶುರುವಾಗುತ್ತದೆ, ಎದುರಿಗೆ ಗಿರಿಸಾಲು ತಿಳಿ ಗುಲಾಬಿ ಆಗುತ್ತದೆ, ಮೇಲೆ ಚಂದ್ರ ಇಳಿಯುತ್ತಿರುತ್ತದೆ. 1,925 ಮೀಟರ್ ಎತ್ತರದ ಬೆಟ್ಟ, ಅದರ ಪಕ್ಕದಲ್ಲಿ ಚಂದ್ರ ಚಿಕ್ಕದಾಗಿ ಇದ್ದರೇನೇ ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತಾಗುವುದು. ಮಳೆಗಾಲದಲ್ಲಿ ಇದರ ಮಾತೇ ಬೇಡ. ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯದು.

ಕಾಫಿಕಣ

ಒಂದು ತಿಂಗಳಾದ ಮೇಲೆ ಬರುತ್ತಿದ್ದೇನೆ. ಬನದ ಹುಣ್ಣಿಮೆಯ ಹಿಂದಿನ ದಿನ ಮತ್ತೆ ತೆಗೆದೆ.

ನಾಲ್ಕು ಗಂಟೆಗೇ ಟ್ರೈಪಾಡ್ ಹಾಕಿದೆ. ಕಣದಲ್ಲಿ ಇನ್ನೂ ಕೆಲಸ ನಡೆಯುತ್ತಿತ್ತು. ಹಳೇರೀಲು ಸರ್ ಹೇಳಿದ ಹಾಗೆ ಎಡಕ್ಕೆ ಹೆಜ್ಜೆ ಹಾಕುತ್ತಾ ಹೋದೆ. ಹತ್ತು ಹೆಜ್ಜೆಗೆ ಬಲಗಡೆ ಮರ ಸರಿಯಿತು, ಆದರೆ ಲೈನ್ ಮನೆ ಕಿಟಕಿ ನೀರಿನ ಡ್ರಮ್ಮಿನ ಹಿಂದೆ ಹೋಯಿತು. ಹದಿನೆಂಟನೇ ಹೆಜ್ಜೆಗೆ ಕಿಟಕಿ ಮತ್ತೆ ಕಂಡಿತು. ಅಲ್ಲೇ ನಿಂತೆ. ಸೂರ್ಯ ಮುಳುಗುವಾಗ ಚಂದ್ರ ಒಂದು ಮುಷ್ಟಿ ಮೇಲಿತ್ತು, ಬೆಳ್ಳಗೆ, ಕಾಗದದ ಹಾಗೆ. ಬೇಗ ಒತ್ತಿಬಿಡೋಣ ಅನ್ನಿಸಿತು. ಕಾದೆ. ಹದಿನೈದು ನಿಮಿಷ ಆದ ಮೇಲೆ ಆಕಾಶ ನೀಲಿಗೆ ತಿರುಗಿತು, ಚಂದ್ರ ಹೊಳೆಯಲು ಶುರುವಾಯಿತು. ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಹಿಗ್ಗಿಸಿ ಚಂದ್ರನ ಅಂಚಿಗೆ ಫೋಕಸ್ ಮಾಡಿದೆ. ಐಎಸ್ಒ 400, ಎಫ್ 5.6, 1/250. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಚಿತ್ರ. ಕಣ ಸ್ವಲ್ಪ ಕಪ್ಪಾಗಿ ಬಂತು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಸ್ವಲ್ಪ ಎತ್ತಿದೆ. ಚಂದ್ರನ ಮೇಲಿನ ಮೊಲ ಕಾಣುತ್ತಿದೆ.

ಕಿಟಕಿ ದೀಪ ಮಾತ್ರ ಹತ್ತಿರಲಿಲ್ಲ. ಇನ್ನು ಐದು ನಿಮಿಷಕ್ಕೆ ಆಕಾಶ ಕಪ್ಪಾಗುತ್ತದೆ ಅನ್ನುವಾಗ ಒಬ್ಬ ಅಜ್ಜಿ ಟಾರ್ಪಾಲಿನ ಮೇಲೆ ಕೊನೆಯ ಕಲ್ಲು ಇಟ್ಟು, ಕೈ ಒರೆಸಿಕೊಂಡು ಒಳಗೆ ಹೋದರು. ದೀಪ ಹತ್ತಿತು. ಮೂರು ಫ್ರೇಮ್ ಸಿಕ್ಕಿತು. ಎರಡನೆಯದನ್ನು ಇಲ್ಲಿ ಹಾಕಿದ್ದೇನೆ.

ಕಲ್ಯಾಣಿಮೆಟ್ಟಿಲು

ಚಂದ್ರನ ಎಡಕ್ಕೆ ಬಿಟ್ಟ ಖಾಲಿ ಆಕಾಶ ಬಹಳ ಇಷ್ಟ ಆಯಿತು.

ದೊಡ್ಡಲೆನ್ಸ್

ನಾನು ಇದಕ್ಕೆ ಹೆಬ್ಬೆರಳು ಇಟ್ಟು ನೋಡಿದೆ ಸರ್. ಚಂದ್ರನ ಮೇಲೂ ಇಟ್ಟೆ, ದೀಪದ ಮೇಲೂ ಇಟ್ಟೆ. ಎರಡರಲ್ಲಿ ಒಂದೂ ತೆಗೆಯುವ ಹಾಗಿಲ್ಲ. ಭಾವನಿಗೆ ತೋರಿಸಿದಿರಾ?

ಕಾಫಿಕಣ

ತೋರಿಸಿದೆ. ಈ ಸಲ ಏನೂ ಕ್ರಾಪ್ ಮಾಡಲಿಲ್ಲ. ಅಜ್ಜಿಯ ಹೆಸರೇನು ಅಂತ ಕೇಳಿದರು. 8x12 ಪ್ರಿಂಟ್ ಎರಡು ಹಾಕಿಸುತ್ತಿದ್ದೇನೆ, ಒಂದು ನಮ್ಮ ಮನೆಗೆ, ಒಂದು ಲೈನ್ ಮನೆಯ ಅಜ್ಜಿಗೆ. ಲ್ಯಾಬಿಗೆ ಕೊಡುವಾಗ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, "ಮೇಲಿರುವ ಬಿಳಿ ಚುಕ್ಕೆ ಚಂದ್ರ. ಅಳಿಸಬೇಡಿ."

ಹಳೇರೀಲು

ಪ್ರಿಂಟ್ ಕೈಗೆ ಬಂದ ದಿನ ತಿಳಿಸಿ. ಆಲ್ದೂರಿಗೆ ಬಂದು ನೋಡುತ್ತೇನೆ.